ಎರಡು ಗೆರೆ ಒಟ್ಟಿಗೆ ಏರಿದರೆ ಸಂಬಂಧ ಇದೆ ಎಂದರ್ಥವೇ?

ಮಲೆನಾಡಿನಲ್ಲಿ ಜೋರು ಮಳೆಯಾದರೆ ಹೊನ್ನಾಳಿಯಲ್ಲಿ ಹೊಳೆ ಏರುತ್ತದೆ. ಗೋವಿನಕೋವಿ ಕಡೆಯವರಿಗೆ ಇದು ಹೊಸ ವಿಷಯವಲ್ಲ. ಆದರೆ ಎಷ್ಟು ಹೊತ್ತಿನ ನಂತರ ಏರುತ್ತದೆ? ದಡದ ಪಂಪ್‌ಸೆಟ್ ಮೇಲೆತ್ತಲು, ಬಾಲರಾಜ್ ಘಾಟ್‌ನಂಥ ತಗ್ಗಿನ ಮನೆಗಳನ್ನು ಖಾಲಿ ಮಾಡಲು ಸಿಗುವ ಸಮಯ ಇದರ ಮೇಲೆ ನಿಂತಿದೆ. ಉತ್ತರ ಹುಡುಕಲು ಎರಡು ‘ಕಾಲಸರಣಿ’ಗಳನ್ನು, ಅಂದರೆ ದಿನ ಅಥವಾ ಗಂಟೆಯ ಕ್ರಮದಲ್ಲಿ ಬರೆದಿಟ್ಟ ಅಂಕಿಗಳನ್ನು, ಹೋಲಿಸಬೇಕು.

ಹೋಲಿಸುವುದು ಹೇಗೆ?

ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ಐದು ದಿನಗಳ ಮಳೆ (ಮಿ.ಮೀ.): 10, 80, 30, 10, 10. ಅದೇ ದಿನಗಳಲ್ಲಿ ಹೊಳೆ ಸಾಮಾನ್ಯ ಮಟ್ಟಕ್ಕಿಂತ ಏರಿದ್ದು (ಅಡಿ): 1, 1, 8, 3, 1.

ಎರಡು ಸರಣಿಗಳ ಹೊಂದಿಕೆಯನ್ನು ‘ಸಹಸಂಬಂಧ’ ಎಂಬ ಅಂಕಿಯಿಂದ ಅಳೆಯುತ್ತೇವೆ. 1 ಬಂದರೆ ಪೂರ್ಣ ಹೊಂದಿಕೆ, 0 ಬಂದರೆ ಹೊಂದಿಕೆ ಇಲ್ಲ, ಮೈನಸ್ 1 ಬಂದರೆ ಒಂದು ಏರಿದಾಗ ಇನ್ನೊಂದು ಇಳಿಯುತ್ತದೆ. ಅದೇ ದಿನದ ಮಳೆ ಮತ್ತು ಮಟ್ಟವನ್ನು ಜೋಡಿಸಿದರೆ ಇಲ್ಲಿ ಬರುವುದು ಮೈನಸ್ 0.06. ಸಂಬಂಧವೇ ಇಲ್ಲ ಎನಿಸುತ್ತದೆ. ಈಗ ಇಂದಿನ ಮಳೆಯನ್ನು ನಾಳೆಯ ಮಟ್ಟದೊಂದಿಗೆ ಜೋಡಿಸಿ: 10ಕ್ಕೆ 1, 80ಕ್ಕೆ 8, 30ಕ್ಕೆ 3, 10ಕ್ಕೆ 1. ಸಹಸಂಬಂಧ ನೇರವಾಗಿ 1! ಹೀಗೆ ಒಂದು ಸರಣಿಯನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತಾ, ಹೊಂದಿಕೆ ಅತಿ ಹೆಚ್ಚಿರುವ ವಿಳಂಬವನ್ನು ಹುಡುಕುತ್ತೇವೆ. ನಿಜವಾದ ದಾಖಲೆಯಲ್ಲಿ ಇಷ್ಟು ಚೊಕ್ಕ ಉತ್ತರ ಸಿಗದು. ಗಂಟೆವಾರು ಅಂಕಿ ಇದ್ದಷ್ಟೂ ಒಳ್ಳೆಯದು.

ದೊಡ್ಡ ಪ್ರವಾಹ ಬೇಗ, ಸಣ್ಣದು ನಿಧಾನವಾಗಿ ಬಂದರೆ ವಿಳಂಬವೇ ಬದಲಾಗುತ್ತದೆ. ಆಗ ಸರಣಿಯನ್ನು ಅಲ್ಲಲ್ಲಿ ಹಿಗ್ಗಿಸಿ, ಕುಗ್ಗಿಸಿ ಹೊಂದಿಸುವ ‘ಡೈನಾಮಿಕ್ ಟೈಮ್ ವಾರ್ಪಿಂಗ್’ ವಿಧಾನ ನೆರವಾಗುತ್ತದೆ. ಇದು ಮಾತನ್ನು ಗುರುತಿಸುವ ಸಂಶೋಧನೆಯಲ್ಲಿ ಬೆಳೆದದ್ದು. ಒಬ್ಬರು ವೇಗವಾಗಿ, ಇನ್ನೊಬ್ಬರು ಎಳೆದು ಹೇಳಿದರೂ ಪದ ಒಂದೇ ತಾನೇ?

ನಡುವೆ ಅಣೆಕಟ್ಟು ಇದ್ದರೆ?

ಕೂಡ್ಲಿಯಲ್ಲಿ ತುಂಗಾ, ಭದ್ರಾ ಸೇರಿ ಹೊನ್ನಾಳಿ ಕಡೆ ಹರಿಯುತ್ತವೆ. ತುಂಗೆಗೆ ಗಾಜನೂರಿನಲ್ಲಿರುವ ಅಣೆಕಟ್ಟು ಚಿಕ್ಕದು, ಮುಂಗಾರಿನಲ್ಲಿ ಬೇಗ ತುಂಬುತ್ತದೆ. ಲಕ್ಕವಳ್ಳಿಯ ಭದ್ರಾ ಜಲಾಶಯ ಸುಮಾರು 71.5 ಟಿಎಂಸಿ ಅಡಿ ಹಿಡಿಯುತ್ತದೆ. ಅದು ತುಂಬುವವರೆಗೆ ಭದ್ರೆಯ ಕಡೆ ಎಷ್ಟೇ ಮಳೆ ಸುರಿದರೂ ಬಹುಪಾಲು ನೀರು ಅಲ್ಲೇ ನಿಲ್ಲುತ್ತದೆ. ಹೀಗಾಗಿ ಬರೀ ಮಳೆಗಿಂತ, ಎರಡೂ ಅಣೆಕಟ್ಟುಗಳ ಹೊರಹರಿವನ್ನು ಹೊನ್ನಾಳಿಯ ಮಟ್ಟದೊಂದಿಗೆ ಹೋಲಿಸುವುದು ಸರಿಯಾದ ದಾರಿ.

ಮೋಸ ಹೋಗುವುದು ಎಲ್ಲಿ?

ಬ್ರಿಟನ್ನಿನ ಸಂಖ್ಯಾಶಾಸ್ತ್ರಜ್ಞ ಉಡ್ನಿ ಯೂಲ್ 1926ರಲ್ಲಿ ಒಂದು ವಿಚಿತ್ರ ತೋರಿಸಿದರು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1866ರಿಂದ 1911ರವರೆಗೆ ಚರ್ಚ್ ಆಫ್ ಇಂಗ್ಲೆಂಡ್‌ನಲ್ಲಿ ನಡೆದ ಮದುವೆಗಳ ಪಾಲು ಮತ್ತು ಸಾವಿನ ಪ್ರಮಾಣದ ನಡುವೆ ಸಹಸಂಬಂಧ 0.95 ಇತ್ತು! ಮದುವೆಯಿಂದ ಸಾವು ಬರಲಿಲ್ಲ. ಎರಡೂ ಆ ಕಾಲದಲ್ಲಿ ಇಳಿಯುತ್ತಿದ್ದವು, ಅಷ್ಟೇ.

ಮಳೆಗಾಲದಲ್ಲಿ ಹೊಳೆಯೂ ಏರುತ್ತದೆ, ಕೊಡೆ ಮಾರಾಟವೂ ಏರುತ್ತದೆ. ಆದ್ದರಿಂದ ಮೊದಲು ಋತುವಿನ ಏರಿಳಿತವನ್ನು ತೆಗೆದು, ನಿನ್ನೆಗಿಂತ ಇಂದು ಎಷ್ಟು ಬದಲಾಯಿತು ಎಂಬುದನ್ನು ಹೋಲಿಸಬೇಕು. ಒಂದು ವರ್ಷದಲ್ಲಿ ಕಂಡ ವಿಳಂಬ ಇನ್ನೊಂದು ವರ್ಷದ ಅಂಕಿಗಳಲ್ಲೂ ನಿಲ್ಲುತ್ತದೆಯೇ ಎಂದು ಪರೀಕ್ಷಿಸಬೇಕು. ಕೊನೆಗೆ, ಒಂದರಿಂದ ಇನ್ನೊಂದಕ್ಕೆ ದಾರಿ ಇದೆಯೇ ಎಂದು ಕೇಳಬೇಕು. ಗಾಜನೂರಿನಿಂದ ಹೊನ್ನಾಳಿಗೆ ಇರುವ ದಾರಿ ಹೊಳೆಯೇ. ವಾಟ್ಸಾಪ್‌ನಲ್ಲಿ ಬರುವ ಎಷ್ಟೋ ಗ್ರಾಫ್‌ಗಳಲ್ಲಿ ಅಂಥ ದಾರಿಯೇ ಇರುವುದಿಲ್ಲ.