ಕರಿ ಅಂಗಿಯ ಮೇಲಿನ ಗ್ರೀಕ್ ಹೆಸರು

ಪೋಳಾ ಹಬ್ಬದ ಮರುದಿನ ನಾಗಪುರದ ಮಹಾಲಿನಲ್ಲಿ ಕುಳಿತು ಸಾಹಿತ್ಯ ಚರ್ಚಿಸುವುದು ಸುಲಭವಲ್ಲ. ಅಂದು ಮಾರಬತ್ ಮೆರವಣಿಗೆ. ಬಿದಿರು, ಕಾಗದ, ಬಟ್ಟೆಗಳಿಂದ ಕಟ್ಟಿದ ಕರಿಯ ಮಾರಬತ್ ಮತ್ತು ಹಳದಿ ಮಾರಬತ್ ಎಂಬ ಎರಡು ದೈತ್ಯ ಸ್ತ್ರೀಬಿಂಬಗಳು ಹಳೆಯ ನಾಗಪುರದ ಬೀದಿಗಳಲ್ಲಿ ಹೊರಡುತ್ತವೆ. ಕರಿಯದು 1881ರಿಂದಲೂ ಹಳದಿಯದು 1885ರಿಂದಲೂ ಹೊರಡುತ್ತಿದೆ ಎಂಬುದು ಊರಿನವರ ಲೆಕ್ಕ. ರೋಗರುಜಿನ, ಕೇಡು, ಪೀಡೆಗಳನ್ನೆಲ್ಲ ಹೊತ್ತುಕೊಂಡು ಹೋಗೆಂದು ಜನ ಕೂಗುತ್ತಾರೆ. ಕೊನೆಗೆ ಬಿಂಬಗಳನ್ನು ಸುಡುತ್ತಾರೆ. ಢೋಲು, ತಾಶೆಗಳ ಸದ್ದಿಗೆ ಹಳೆಯ ವಾಡೆಗಳ ಕಿಟಕಿಗಳು ನಡುಗುತ್ತವೆ.

ಇಂತಹುದೇ ಒಂದು ದಿನ ಗಾಂಧಿ ಗೇಟಿನ ಸಮೀಪದ ಸದಸ್ಯರೊಬ್ಬರ ಮನೆಯಲ್ಲಿ ನಮ್ಮ ಬಳಗ ಸೇರಿತ್ತು. ಮನೆಯ ಹುಡುಗ ಮೆರವಣಿಗೆ ನೋಡಿ ಒಳಗೆ ಬಂದ. ಮೈಮೇಲೆ ಕರಿ ಅಂಗಿ, ಅದರ ಮೇಲೆ ಚೂಪುಚೂಪಾದ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಹೆಸರು: ಕ್ರಿಪ್ಟೋಸ್. ಅದೇನೆಂದು ಕೇಳಿದೆವು. ಬೆಂಗಳೂರಿನ ಹೆವಿ ಮೆಟಲ್ ತಂಡವೆಂದು ಹೇಳಿ, ಅವನೇ ನಮ್ಮನ್ನು ತಿರುಗಿ ಕೇಳಿದ: "ಮಾಮಾ, ಇವರು ನಮ್ಮೂರವ್ರು ಅಲ್ಲೇನ್ರೀ?"

ಹುಡುಗ ಹುಟ್ಟಿದ್ದು ನಾಗಪುರದಲ್ಲಿ, ಕಲಿಯುತ್ತಿರುವುದು ಮರಾಠಿಯಲ್ಲಿ. ಅಜ್ಜ ಬಾಗಲಕೋಟೆಯವರು, ತಾಯಿ ಬೆಳಗಾವಿಯವರು. ಬೆಂಗಳೂರಿನಲ್ಲಿ ಆ ಮನೆತನಕ್ಕೆ ಒಂದು ಅಂಗುಲ ನೆಲವೂ ಇಲ್ಲ. ಆದರೂ ಅವನ ಬಾಯಿಂದ 'ನಮ್ಮೂರು' ಎಂಬ ಮಾತು ಬಂದಿತ್ತು. ನಮ್ಮ ಬಳಗದ ಹಿರಿಯರು ಕನ್ನಡಕ ತೆಗೆದು ಕೇಳಿದರು: "ತಮ್ಮಾ, ಅವರ ಹಾಡಿನಾಗ ಒಂದರೆ ಕನ್ನಡ ಶಬ್ದ ಅದ ಏನು?" ಹುಡುಗ ಇಲ್ಲವೆಂದು ತಲೆಯಾಡಿಸಿದ. "ಮತ್ತ ನಮ್ಮವರು ಹ್ಯಾಂಗಾದರು?" ಎಂಬ ಮುಂದಿನ ಪ್ರಶ್ನೆಗೆ ಅವನಲ್ಲಿ ಉತ್ತರವಿರಲಿಲ್ಲ, ನಮ್ಮಲ್ಲಿಯೂ ಇರಲಿಲ್ಲ. ಈ ಲೇಖನ ಆ ಉತ್ತರದ ಹುಡುಕಾಟ.

ಮೊದಲಿಗೆ, ಈ ಸಂಗೀತ ಎಲ್ಲಿಂದ ಬಂತೆಂಬುದನ್ನು ನೋಡೋಣ. ಇಂಗ್ಲಿಷ್ ಎಂ.ಎ. ಓದಿದ ನಮ್ಮಂಥವರಿಗೆ 'ಗಾಥಿಕ್' ಎಂದೊಡನೆ ನೆನಪಾಗುವುದು 1764ರಲ್ಲಿ ಹೊರಬಂದ ಹೊರೇಸ್ ವಾಲ್ಪೋಲನ 'ದ ಕ್ಯಾಸಲ್ ಆಫ್ ಒಟ್ರಾಂಟೊ' ಕಾದಂಬರಿ. ಪಾಳುಕೋಟೆ, ಶಾಪ, ಪ್ರೇತಗಳ ಲೋಕ. ಎರಡು ಶತಮಾನಗಳ ಅನಂತರ ಅದೇ ಲೋಕ ಇಂಗ್ಲೆಂಡಿನ ಕಾರ್ಖಾನೆಯ ಊರುಗಳಲ್ಲಿ ಗಿಟಾರು ಹಿಡಿದು ಎದ್ದುಬಂತು. 1978ರಲ್ಲಿ ನಾರ್ತಾಂಪ್ಟನ್‌ನಲ್ಲಿ ಬೌಹೌಸ್, 1980ರಲ್ಲಿ ಲೀಡ್ಸ್‌ನಲ್ಲಿ ಸಿಸ್ಟರ್ಸ್ ಆಫ್ ಮರ್ಸಿ ತಂಡಗಳು ಹುಟ್ಟಿದವು. ಇವುಗಳ ಸಂಗೀತಕ್ಕೆ 'ಗಾಥ್ ರಾಕ್' ಎಂಬ ಹೆಸರು ಬಿತ್ತು. ಇದಕ್ಕೂ ಹಿರಿಯ ಸೋದರ ಹೆವಿ ಮೆಟಲ್. ಬರ್ಮಿಂಗ್‌ಹ್ಯಾಮ್‌ನ ಬ್ಲ್ಯಾಕ್ ಸಬ್ಬತ್ ತಂಡ 1970ರ ಫೆಬ್ರವರಿ 13ರಂದು ತನ್ನ ಮೊದಲ ಧ್ವನಿಮುದ್ರಿಕೆಯನ್ನು ಹೊರತಂದಿತು. ಆ ತಂಡದ ಗಿಟಾರ್ ವಾದಕ ಟೋನಿ ಅಯೋಮಿ ಹದಿಹರೆಯದಲ್ಲಿ ತಗಡಿನ ಕಾರ್ಖಾನೆಯ ಕೂಲಿಯಾಗಿದ್ದವನು. ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಹೋದವು. ಎಡಗೈಯಲ್ಲಿ ಮೀಟುವ ಅವನಿಗೆ ತಂತಿ ಒತ್ತಬೇಕಾದದ್ದು ಅದೇ ಬಲಗೈ. ಕರಗಿಸಿದ ಪ್ಲಾಸ್ಟಿಕ್ಕಿನಿಂದ ಬೆರಳುಗಳಿಗೆ ಟೊಪ್ಪಿಗೆ ಮಾಡಿಕೊಂಡ, ತೆಳುವಾದ ತಂತಿ ಬಿಗಿದ, ಮುಂದೆ ಶ್ರುತಿಯನ್ನೂ ಕೆಳಗಿಳಿಸಿದ. ಹೆವಿ ಮೆಟಲ್‌ನ ಆ ಭಾರವಾದ ನಾದದ ಹಿಂದೆ ಗಾಯಗೊಂಡ ಒಬ್ಬ ಕಾರ್ಮಿಕನ ಕೈ ಇದೆ.

ಇನ್ನೊಂದು ಸಂಗತಿ ನಮ್ಮ ಓದುಗರಿಗೆ ಹತ್ತಿರದ್ದು. ಈ ಸಂಗೀತದಲ್ಲಿ ಗಿಟಾರು ಹೆಚ್ಚಾಗಿ ನುಡಿಸುವ ಜೋಡಿ ಸ್ವರ ಷಡ್ಜ-ಪಂಚಮ. ನಮ್ಮ ತಂಬೂರಿಯದೂ ಅದೇ ಜೋಡಿ. ಬ್ಲ್ಯಾಕ್ ಸಬ್ಬತ್‌ನ ಮೊದಲ ಮುದ್ರಿಕೆಯ ಮೊದಲ ಹಾಡಿನಲ್ಲಿ ಭಯ ಹುಟ್ಟಿಸುವುದು ಷಡ್ಜದಿಂದ ಪ್ರತಿಮಧ್ಯಮದವರೆಗಿನ ಅಂತರ. ಯೂರೋಪಿನ ಸಂಗೀತಜ್ಞರು ಹಿಂದೆ ಅದನ್ನು ಸಂಗೀತದೊಳಗಿನ ಸೈತಾನನೆಂದು ಕರೆದದ್ದುಂಟು. ನಮ್ಮಲ್ಲಾದರೋ ಅದೇ ಪ್ರತಿಮಧ್ಯಮ ಕಲ್ಯಾಣಿಯ ಜೀವಾಳ, ಮಂಗಳಕರ. ಸ್ವರ ಒಂದೇ, ಅಲ್ಲಿ ಸೈತಾನ, ಇಲ್ಲಿ ಕಲ್ಯಾಣಿ. ಕತ್ತಲೆ ಸ್ವರದಲ್ಲಿಲ್ಲ, ಕೇಳುವ ಕಿವಿಯ ಅಭ್ಯಾಸದಲ್ಲಿದೆ.

ಈ ಸಂಗೀತ ಬೆಂಗಳೂರಿಗೆ ಬಂದದ್ದು ಆಕಸ್ಮಿಕವಲ್ಲ. 1809ರಲ್ಲಿ ಅಲ್ಲಿ ದಂಡುಪ್ರದೇಶ ಸ್ಥಾಪನೆಯಾಯಿತು. ಒಂದೂವರೆ ಶತಮಾನದವರೆಗೆ ಬೆಂಗಳೂರೆಂದರೆ ಎರಡು ಊರು: ಕನ್ನಡ, ತೆಲುಗುಗಳ ಪೇಟೆ ಒಂದೆಡೆ, ಇಂಗ್ಲಿಷ್, ತಮಿಳು, ಉರ್ದುಗಳ ದಂಡು ಇನ್ನೊಂದೆಡೆ. 1949ರಲ್ಲಿ ಒಂದೇ ನಗರಪಾಲಿಕೆಯ ಅಡಿಯಲ್ಲಿ ಎರಡೂ ಸೇರಿದವು. ಆದರೆ ಕಾಗದದ ಮೇಲೆ ಸೇರಿದ್ದು ಕಿವಿಯಲ್ಲಿ ಸೇರಲು ಕಾಲ ಬೇಕಾಯಿತು. ಸೈನ್ಯದ ಬ್ಯಾಂಡು, ಚರ್ಚಿನ ಗಾಯನ, ಕ್ಲಬ್ಬುಗಳ ನೃತ್ಯಸಂಗೀತ ದಂಡಿನ ಪಾಲಿನ ಆಸ್ತಿ. ಕ್ಯಾಸೆಟ್ಟುಗಳ ಕಾಲದಲ್ಲಿ ಗಿಟಾರು ದಂಡಿನ ಗಡಿ ದಾಟಿ ನಗರದ ಎಲ್ಲ ಬಡಾವಣೆಗಳ ಕಾಲೇಜು ಹುಡುಗರ ಕೈಗೆ ಬಂತು. ಪ್ರತಿ ಆಗಸ್ಟ್ 15ರ ಆಸುಪಾಸಿನಲ್ಲಿ ತಂಡಗಳೆಲ್ಲ ಬಂದು ನುಡಿಸುವ 'ಫ್ರೀಡಂ ಜ್ಯಾಮ್' 1996ರಲ್ಲಿ ಆರಂಭವಾಯಿತು. ನುಡಿಸಲು ವೇದಿಕೆ ಸಿಕ್ಕಿತು. ಆದರೆ ಆಗ ಬಹುಪಾಲು ತಂಡಗಳು ನುಡಿಸುತ್ತಿದ್ದುದು ಪರದೇಶದವರು ಕಟ್ಟಿದ ಹಾಡುಗಳನ್ನೇ.

ಕ್ರಿಪ್ಟೋಸ್ ಹುಟ್ಟಿದ್ದು ಈ ಹಿನ್ನೆಲೆಯಲ್ಲಿ, 1998ರಲ್ಲಿ. ತಮ್ಮ ಹಿಂದಿನ ತಂಡಗಳಿಂದ ಹೊರಬಂದ ಗಿಟಾರ್ ವಾದಕ ನೋಲನ್ ಲೂಯಿಸ್ ಮತ್ತು ಗಾಯಕ, ಬೇಸ್ ವಾದಕ ಗಣೇಶ್ ಕೃಷ್ಣಸ್ವಾಮಿ ಇದನ್ನು ಕಟ್ಟಿದರು. ಆ ಎರಡು ಹೆಸರುಗಳನ್ನು ಜೊತೆಗಿಟ್ಟು ನೋಡಿದರೆ 1949ರ ವಿಲೀನ ಕೊನೆಗೂ ಎಲ್ಲಿ ನಡೆಯಿತೆಂಬುದು ಹೊಳೆಯುತ್ತದೆ. ತಂಡದ ಸಂಕಲ್ಪ ಸರಳ: ತಮ್ಮ ಹಾಡನ್ನು ತಾವೇ ಕಟ್ಟುವುದು. ಮೊದಲ ಧ್ವನಿಮುದ್ರಿಕೆ 'ಸ್ಪೈರಲ್ ಅಸೆಂಟ್' ಹೊರಬರಲು 2004ರವರೆಗೆ, ಅಂದರೆ ಆರು ವರ್ಷ, ಕಾಯಬೇಕಾಯಿತು. ಎರಡನೆಯದಾದ 'ದಿ ಆರ್ಕ್ ಆಫ್ ಜೆಮಿನಿ' 2008ರಲ್ಲಿ ಬಂತು. ರೋಹಿತ್ ಚತುರ್ವೇದಿ ಎರಡನೆಯ ಗಿಟಾರು ಹಿಡಿದರು. ಮುಂದೆ ಹಾಡುವ ಹೊಣೆಯನ್ನೂ ನೋಲನ್ ಹೊತ್ತರು. ಒಬ್ಬರು ಷಡ್ಜದಲ್ಲಿ ಹೊರಟರೆ ಇನ್ನೊಬ್ಬರು ಗಾಂಧಾರದಲ್ಲಿ ಹೊರಟು, ಒಂದೇ ಪಲುಕನ್ನು ಸಮಾನಾಂತರವಾಗಿ ನುಡಿಸುತ್ತ ಸಾಗುವ ಜೋಡಿ ಗಿಟಾರು ಇವರ ಸಂಗೀತದ ಸೊಗಸು. ಎಪ್ಪತ್ತು, ಎಂಬತ್ತರ ದಶಕಗಳ ಇಂಗ್ಲಿಷ್ ತಂಡಗಳ ಈ ಕ್ರಮವನ್ನು, ಅಲ್ಲಿಯೇ ಅದು ಹಳತಾದ ಕಾಲದಲ್ಲಿ, ಬೆಂಗಳೂರಿನವರು ಬಿಡದೆ ಸಾಧಿಸಿದರು.

ಕಾಲವೇನೂ ಅನುಕೂಲವಾಗಿರಲಿಲ್ಲ. ಮನರಂಜನಾ ಸ್ಥಳಗಳ ಪರವಾನಗಿಗೆ ಸಂಬಂಧಿಸಿದ 2005ರ ಆದೇಶವನ್ನು 2008ರ ಹೊತ್ತಿಗೆ ಪೊಲೀಸರು ಬಿಗಿಯಾಗಿ ಜಾರಿಗೊಳಿಸಿದಾಗ ಬೆಂಗಳೂರಿನ ಪಬ್ಬು, ರೆಸ್ಟೋರೆಂಟುಗಳಲ್ಲಿ ನೇರ ಸಂಗೀತ ಬಹುಮಟ್ಟಿಗೆ ನಿಂತುಹೋಯಿತು. ಸಂಗೀತಗಾರರು ಪ್ರತಿಭಟಿಸಿದರು. ಸಿನಿಮಾ ಸಂಗೀತದ ಹೊರಗೆ ನಿಂತವರಿಗೆ ನಮ್ಮ ದೇಶದಲ್ಲಿ ಮೊದಲೇ ಮಾರುಕಟ್ಟೆ ಕಿರಿದು. ಅದರಲ್ಲಿಯೂ ಈ ಕಟುಸಂಗೀತಕ್ಕೆ ಇನ್ನಷ್ಟು ಕಿರಿದು. ಎಷ್ಟೋ ತಂಡಗಳು ಕಾಲೇಜು ಮುಗಿಯುತ್ತಲೇ ಮುಗಿದವು: ಒಬ್ಬನಿಗೆ ಕೆಲಸ, ಇನ್ನೊಬ್ಬನಿಗೆ ಮದುವೆ, ಮತ್ತೊಬ್ಬನಿಗೆ ಅಮೆರಿಕ.

ಕ್ರಿಪ್ಟೋಸ್ ಮುಗಿಯಲಿಲ್ಲ. 2010ರಲ್ಲಿ ಯೂರೋಪಿಗೆ ಹೋಯಿತು. ಅಲ್ಲಿ ಸಂಚಾರ ಮಾಡಿದ ಮೊದಲ ಭಾರತೀಯ ಮೆಟಲ್ ತಂಡವೆಂದು ಅದನ್ನು ಗುರುತಿಸುತ್ತಾರೆ. 2012ರ 'ದ ಕಾಯಿಲ್ಸ್ ಆಫ್ ಅಪಾಲಿಯಾನ್' ಮುದ್ರಿಕೆಯನ್ನು ಜರ್ಮನಿಯ ಎಎಫ್‌ಎಂ ಸಂಸ್ಥೆ ಹೊರತಂದಿತು. ಉತ್ತರ ಜರ್ಮನಿಯ ವಾಕನ್ ಸುಮಾರು ಎರಡು ಸಾವಿರ ಜನರ ಹಳ್ಳಿ. 1990ರಿಂದ ಅಲ್ಲಿ ಪ್ರತಿ ಬೇಸಿಗೆಯಲ್ಲಿ ಮೆಟಲ್ ಜಾತ್ರೆ ನಡೆಯುತ್ತದೆ. ಹೊಲಗದ್ದೆಗಳ ನಡುವೆ ಎಪ್ಪತ್ತು-ಎಂಬತ್ತು ಸಾವಿರ ಜನ ಬೀಡುಬಿಡುತ್ತಾರೆ. 2013ರಲ್ಲಿ ಕ್ರಿಪ್ಟೋಸ್ ಅಲ್ಲಿ ನುಡಿಸಿತು. ಆಮೇಲೆ 2016ರಲ್ಲಿ 'ಬರ್ನ್ ಅಪ್ ದ ನೈಟ್', 2019ರಲ್ಲಿ 'ಆಫ್ಟರ್‌ಬರ್ನರ್', 2021ರಲ್ಲಿ 'ಫೋರ್ಸ್ ಆಫ್ ಡೇಂಜರ್', 2024ರಲ್ಲಿ 'ಡೆಸಿಮೇಟರ್'. ಇಪ್ಪತ್ತಾರು ವರ್ಷಗಳಲ್ಲಿ ಏಳು ಮುದ್ರಿಕೆಗಳು. ವಾದಕರಲ್ಲಿ ಬದಲಾವಣೆಗಳಾದವು, ಹೆಸರು ಬದಲಾಗಲಿಲ್ಲ; ದಾರಿಯೂ ಬದಲಾಗಲಿಲ್ಲ.

ಇನ್ನು ಹಿರಿಯರ ಪ್ರಶ್ನೆಗೆ ಬರೋಣ. ಅದು ಹಗುರಾದ ಪ್ರಶ್ನೆಯಲ್ಲ. ಪರಭಾಷೆಯ ನೆಲದಲ್ಲಿ ಮೂವತ್ತು-ನಾಲ್ವತ್ತು ವರ್ಷ ಕನ್ನಡವನ್ನು ಮನೆಯೊಳಗೆ ಉಳಿಸಿಕೊಂಡು ಬಂದವರಿಗೆ ಅದನ್ನು ಕೇಳುವ ಹಕ್ಕಿದೆ. ಕನ್ನಡದ್ದೇ ರಾಕ್ ಇಲ್ಲವೇ ಎಂದರೆ, ಇದೆ. ರಘು ದೀಕ್ಷಿತರು ಶಿಶುನಾಳ ಶರೀಫರ ತತ್ತ್ವಪದಗಳನ್ನು ಗಿಟಾರಿಗೆ ಅಳವಡಿಸಿ ಹಾಡಿದರು; 2008ರ ಆ ಮುದ್ರಿಕೆಯನ್ನು ಕನ್ನಡಿಗರು ಕೂಡಲೇ ತಮ್ಮದೆಂದು ಅಪ್ಪಿಕೊಂಡರು. ಅಪ್ಪಿಕೊಳ್ಳುವುದು ಅಲ್ಲಿ ಸುಲಭವಾಗಿತ್ತು. ವಾದ್ಯ ಹೊರಗಿನದಾದರೂ ನುಡಿ ಅಜ್ಜನದು. ಕ್ರಿಪ್ಟೋಸ್‌ನಲ್ಲಿ ವಾದ್ಯವೂ ಹೊರಗಿನದು, ನುಡಿಯೂ ಹೊರಗಿನದು. ಅದು ಕನ್ನಡ ಸಾಹಿತ್ಯದ ಭಾಗವಲ್ಲವೆಂದು ಹಿರಿಯರು ಹೇಳಿದರೆ ನಾವು ಒಪ್ಪುತ್ತೇವೆ. ಆದರೆ ಕನ್ನಡ ನೆಲದ ಇತಿಹಾಸದ ಭಾಗವೂ ಅಲ್ಲವೆಂದರೆ ಒಪ್ಪಲಾರೆವು.

ಬೆಂಗಳೂರಿನ ಅರಮನೆ ಮೈದಾನವನ್ನೇ ನೋಡಿ. 2005ರಲ್ಲಿ ಸಿ. ಅಶ್ವತ್ಥರು 'ಕನ್ನಡವೇ ಸತ್ಯ' ಕಾರ್ಯಕ್ರಮದಲ್ಲಿ ಜನಸಾಗರದೆದುರು ಭಾವಗೀತೆಗಳನ್ನು ಹಾಡಿದ್ದು ಅಲ್ಲಿ. ಎರಡೇ ವರ್ಷಗಳಲ್ಲಿ, 2007ರ ಮಾರ್ಚಿನಲ್ಲಿ, ಇಂಗ್ಲೆಂಡಿನ ಐರನ್ ಮೇಡನ್ ತಂಡ ಭಾರತದಲ್ಲಿ ಮೊದಲ ಬಾರಿಗೆ ನುಡಿಸಿದ್ದೂ ಅಲ್ಲಿಯೇ. 2011ರ ಅಕ್ಟೋಬರಿನಲ್ಲಿ ಅಮೆರಿಕದ ಮೆಟಾಲಿಕಾ ಬಂದದ್ದೂ ಅದೇ ಮಣ್ಣಿಗೆ. ಆ ಮೈದಾನದ ಚರಿತ್ರೆ ಬರೆಯುವವರು ಒಂದು ಸಂಜೆಯನ್ನು ಇಟ್ಟುಕೊಂಡು ಇನ್ನೊಂದನ್ನು ಅಳಿಸಬಹುದೇ?

ಕನ್ನಡವೂ ಈ ಲೋಕದಿಂದ ಪೂರ್ತಿ ದೂರವಿಲ್ಲ. ಗಣೇಶ್ ಕೃಷ್ಣಸ್ವಾಮಿಯವರು ಗಾಯಕರಾಗಿ ಹೆಸರು ಮಾಡಿದ ಇನ್ನೊಂದು ಬೆಂಗಳೂರು ತಂಡ 'ಬೆವರ್ ಸೀ'. ಇಂಗ್ಲಿಷ್ ಅಕ್ಷರಗಳಲ್ಲಿ ಗಂಭೀರವಾಗಿ ಕಾಣುವ ಈ ಹೆಸರನ್ನು ಒಮ್ಮೆ ಗಟ್ಟಿಯಾಗಿ ಓದಿ; ನಮ್ಮ ಬೀದಿಯ ಹಳೆಯ ಬೈಗುಳ ಕೇಳಿಸುತ್ತದೆ. ಕೇಳಿದ ಜರ್ಮನನಿಗೆ ಇದು ತಿಳಿಯದು. ತಿಳಿದು ನಗುವವರು ನಾವು ಮಾತ್ರ.

'ಕ್ರಿಪ್ಟೋಸ್' ಗ್ರೀಕ್ ಪದ. ಗೂಢ, ಅಡಗಿದ್ದು ಎಂದು ಅರ್ಥ. ಗ್ರೀಕ್ ಎಂದೊಡನೆ ಕನ್ನಡಿಗರಿಗೆ ಇನ್ನೊಂದು ನೆನಪಾಗಬೇಕು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಪಪೈರಸ್ ಹಾಳೆಗಳಲ್ಲಿ ಸುಮಾರು ಎರಡನೆಯ ಶತಮಾನದ ಒಂದು ಗ್ರೀಕ್ ಪ್ರಹಸನವಿದೆ. ಅದರಲ್ಲಿ ಪರದೇಶದ ರಾಜನ ಬಾಯಲ್ಲಿ ಬರುವ ಕೆಲವು ಮಾತುಗಳು ಕನ್ನಡವೆಂದು ಹುಲ್ಟ್ಜ್, ಆರ್. ಶಾಮಶಾಸ್ತ್ರೀ, ಎಂ. ಗೋವಿಂದ ಪೈ ಮೊದಲಾದವರು ವಾದಿಸಿದರು. ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೂ ರಾಜ್ಯೋತ್ಸವದ ಭಾಷಣಗಳಲ್ಲಿ ಆ ಪ್ರಹಸನವನ್ನು ಹೆಮ್ಮೆಯಿಂದ ನೆನೆಯದವರಾರು? ಗ್ರೀಕ್ ನಾಟಕದೊಳಗಿನ ಕನ್ನಡದ ನಾಲ್ಕು ಸಂದೇಹಾಸ್ಪದ ಶಬ್ದಗಳು ನಮ್ಮ ಇತಿಹಾಸವಾಗಬಹುದಾದರೆ, ಗ್ರೀಕ್ ಹೆಸರು ಹೊತ್ತು ಕನ್ನಡ ರಾಜಧಾನಿಯಲ್ಲಿ ಕಾಲು ಶತಮಾನ ಬಾಳಿದ ತಂಡ ಏಕಾಗಬಾರದು?

ಈ ತರ್ಕದ ಹಿಂದೆ ನಮ್ಮ ಸ್ವಾರ್ಥವೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ನಾವು ಮಹಾಲಿನಲ್ಲಿ ಬಾಳುತ್ತಿರುವುದು ಹೇಗೆ? ಬೀದಿಯಲ್ಲಿ ಮರಾಠಿ, ಕಚೇರಿಯಲ್ಲಿ ಹಿಂದಿ ಮತ್ತು ಇಂಗ್ಲಿಷ್, ಮನೆಯಲ್ಲಿ ಕನ್ನಡ. ಮುಂದೊಂದು ದಿನ ನಾಗಪುರದ ಚರಿತ್ರೆ ಬರೆಯುವವರು ಮರಾಠಿಯಲ್ಲಿ ಮಾತಾಡದ ಮನೆಗಳನ್ನೆಲ್ಲ ಬಿಟ್ಟುಬಿಟ್ಟರೆ ನಾವು ಇಲ್ಲಿ ಇರಲೇ ಇಲ್ಲವೆಂದಾಗುತ್ತದೆ. ನಮಗೆ ಯಾವ ನ್ಯಾಯ ಬೇಕೋ ಅದನ್ನು ಬೆಂಗಳೂರಿನ ನೋಲನ್ ಲೂಯಿಸರಿಗೆ ಕೊಡಲು ಹಿಂಜರಿಯುವುದು ಸರಿಯಲ್ಲ.

ಅಂದು ಸಂಜೆ ಹಿರಿಯರು ಹುಡುಗನಿಗೆ ಹಾಡು ಹಾಕಲು ಹೇಳಿದರು. ಎರಡು ನಿಮಿಷ ಕೇಳಿ, "ಸಾಕಪ್ಪಾ, ಹೊರಗ ಮಾರಬತ್ತಿನ ಗದ್ದಲ, ಒಳಗ ಇದು" ಎಂದರು. ಹುಡುಗ ನಕ್ಕ. ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, ಕೇಡನ್ನು ಊರಾಚೆ ಕಳಿಸಬೇಕಾದರೆ ಮೊದಲು ಅದಕ್ಕೊಂದು ರೂಪ ಕಟ್ಟಿ ಮೆರೆಸಬೇಕೆಂಬುದು ಈ ಊರಿನವರಿಗೂ ಗೊತ್ತು, ನಿನ್ನ ಗಿಟಾರಿನವರಿಗೂ ಗೊತ್ತಿದ್ದಂತಿದೆ ಎಂದರು. ಆಮೇಲೆ ಒಂದು ಕಾಗದ ತೆಗೆದು ಹುಡುಗನ ಮುಂದಿಟ್ಟರು: "ನಮ್ಮೂರವ್ರು ಅಂದಿಯಲ್ಲ, ಆ ಹೆಸರು ಕನ್ನಡದಾಗ ಬರಿ ನೋಡೂಣು."

ಕನ್ನಡ ಅಕ್ಷರಗಳನ್ನು ಅರ್ಧಕ್ಕೇ ಬಿಟ್ಟಿದ್ದ ಹುಡುಗ 'ಕ'ಗೆ ರಕಾರದ ಒತ್ತನ್ನು ಹೇಗೋ ಕೊಟ್ಟ. 'ಪ'ದ ಕೆಳಗೆ 'ಟ'ದ ಒತ್ತು ಬರಲಿಲ್ಲ. ಹಿರಿಯರು ಅವನ ಕೈ ಹಿಡಿದು ಬರೆಸಿದರು.