ಡಬ್ಬಿಯ ಪೂರ್ವಾಶ್ರಮ

ಮಸ್ಕಿಯ ಹೆಸರೆತ್ತಿದೊಡನೆ ನಮಗೆ ಅಶೋಕನ ಶಾಸನ ನೆನಪಾಗುತ್ತದೆ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರರ ಕಣ್ಣಿಗೆ ಬಿದ್ದ ಆ ಬಂಡೆ ಚಕ್ರವರ್ತಿಯ ಹೆಸರನ್ನೇ ನಮಗೆ ಉಳಿಸಿಕೊಟ್ಟಿತು. 1954ರಲ್ಲಿ ಅದೇ ಊರಿನಲ್ಲಿ ಥಾಪರ್ ಅವರು ಅಗೆಸಿದಾಗ ದೊರೆತವುಗಳಲ್ಲಿ ಕಪ್ಪು-ಕೆಂಪು ಮಡಕೆಗಳ ಚೂರುಗಳೂ ಇದ್ದವು. ದೊರೆಗಳ ಚರಿತ್ರೆಯನ್ನು ಶಾಲೆಯಲ್ಲಿ ದಿನವೂ ಹೇಳುತ್ತೇನೆ. ಇಂದು ಮಡಕೆಯ ವಂಶದ ಕಥೆಯನ್ನು ಹೇಳಲು ಅಪ್ಪಣೆಯಾಗಲಿ.

ನಮ್ಮ ಸೀಮೆಯ ಹೆಣ್ಣುಮಕ್ಕಳು ಒಡೆದ ಗಡಿಗೆಯನ್ನೂ ಸುಮ್ಮನೆ ಎಸೆದವರಲ್ಲ. ಅದರ ಬುಡ ಕೋಳಿಗೆ ನೀರಿಡಲು ಆಗುತ್ತಿತ್ತು, ಬೋಕಿ ಕೆಂಡ ತರಲು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಚಿಮಣಿ ಎಣ್ಣೆಯ ಚೌಕ ತಗಡಿನ ಡಬ್ಬಿ ಬಂದಿತು. ನಾಲ್ಕು ಗ್ಯಾಲನ್, ಅಂದರೆ ಸುಮಾರು 18 ಲೀಟರು ಹಿಡಿಯುವಂಥದು; ಎರಡೆರಡು ಡಬ್ಬಿ ಒಂದೊಂದು ಮರದ ಪೆಟ್ಟಿಗೆಯಲ್ಲಿ. ಎಣ್ಣೆ ಉರಿದುಹೋಯಿತು, ಡಬ್ಬಿ ನೀರು ಹೊತ್ತಿತು, ಪೆಟ್ಟಿಗೆ ಗೋಡೆಯ ಗೂಡಾಯಿತು. 1937ರಲ್ಲಿ ಡಾಲ್ಡಾ ಮಾರುಕಟ್ಟೆಗೆ ಬಂದ ಮೇಲಂತೂ ತೆಂಗಿನಮರದ ಚಿತ್ರದ ಆ ಹಳದಿ ಡಬ್ಬಿಯಿಲ್ಲದ ಅಡುಗೆಮನೆ ಅಪರೂಪ. ನಮ್ಮ ತಾಯಿ ಅದರಲ್ಲಿ ಅಂಟುವಾಳ ಇಡುತ್ತಿದ್ದಳು.

ಆಗ ಅದರಿಂದ ಕೇಡಿರಲಿಲ್ಲ. ಪಾತ್ರೆಗೆ ಬೂದಿ, ಹುಣಸೆಹಣ್ಣು, ಬಟ್ಟೆಗೆ ಸವಳುಮಣ್ಣು, ನೆಲಕ್ಕೆ ಸಗಣಿ. ಯಾವ ಡಬ್ಬಿಯಲ್ಲಿ ಏನಿಟ್ಟರೂ ನಡೆಯುತ್ತಿತ್ತು.

ಇಲ್ಲೊಂದು ಶಬ್ದದ ಮಾತು. ಎಳ್ಳಿನ ನೆಯ್ ಎಂಬುದೇ ಎಣ್ಣೆ ಎಂದು ಪಂಡಿತರು ಬಿಡಿಸುತ್ತಾರೆ. ನಮ್ಮ ಕಡೆ ಕುಸುಬೆಯದೂ ಎಣ್ಣೆ, ಚಿಮಣಿಯದೂ ಎಣ್ಣೆ, ಬೆಳೆಯ ಹುಳಕ್ಕೆ ಹೊಡೆಯುವುದೂ ಎಣ್ಣೆಯೇ! 1953ರಲ್ಲಿ ತುಂಗಭದ್ರೆಯ ಕಾಲುವೆಗಳಿಗೆ ನೀರು ಬಿಟ್ಟರು. ಬರಬರುತ್ತ ಸಿಂಧನೂರಿನ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಗದ್ದೆಯ ಹಿಂದೆಯೇ ಈ ಮೂರನೆಯ ಎಣ್ಣೆಯೂ ಬಂತು, ಅದರ ಗಟ್ಟಿಮುಟ್ಟಾದ ಡಬ್ಬಿಯೂ ಬಂತು. ಚೆಂದದ ಮುಚ್ಚಳವಿದೆ, ಸೋಪಿನ ಪುಡಿಗೆ ಆದೀತೆಂದು ತೊಳೆದಿಡುವ ಕೈಗಳನ್ನು ನಾನು ಕಂಡಿದ್ದೇನೆ. ತೊಳೆದರೂ ಆ ವಿಷ ಪೂರ್ತಿ ಹೋಗುವುದೆಂಬ ಭರವಸೆಯಿಲ್ಲ. 1958ರಲ್ಲಿ ಹಡಗಿನಲ್ಲಿ ಆಹಾರಧಾನ್ಯದ ಜೊತೆಗೆ ಬಂದ ಇಂಥದೇ ಕೀಟನಾಶಕ ಸೋರಿ, ಕೇರಳದಲ್ಲೂ ಮದ್ರಾಸಿನಲ್ಲೂ ನೂರಕ್ಕೂ ಹೆಚ್ಚು ಜನ ಸತ್ತರು. ಆ ಬಳಿಕವೇ 1968ರ ಕೀಟನಾಶಕ ಕಾಯಿದೆ. ಖಾಲಿ ಡಬ್ಬಿ ಮತ್ತೆ ಬಳಕೆಗೆ ಬಾರದಂತೆ ನಾಶಮಾಡಬೇಕೆಂದು 1971ರ ನಿಯಮ ಹೇಳುತ್ತದೆ.

ಪಟ್ಟಣದವರು ಇದು ಒಕ್ಕಲಿಗರ ಮಾತೆಂದು ನಗಬಾರದು. ಲಿಂಗಸುಗೂರಿನ ನಮ್ಮ ಮನೆಯಲ್ಲೇ ಶರಬತ್ತಿನ ಸೀಸೆಯಲ್ಲಿ ನೀರು ಬೆರೆಸಿದ ಫಿನಾಯಿಲು ಇತ್ತು. ನೀರು ಬಿದ್ದರೆ ಅದು ಹಾಲಿನಂತೆ ಬೆಳ್ಳಗಾಗುತ್ತದಷ್ಟೆ. ತಂಗಿಯ ಮಗು ಮಜ್ಜಿಗೆಯೆಂದು ಬಾಯಿಗೆತ್ತಿತ್ತು. ವಾಸನೆ ಬಡಿದು ಮುಖ ಹಿಂಡಿದ್ದರಿಂದ ಉಳಿಯಿತು. ಸೀಸೆ ತುಂಬಿಟ್ಟವನು ನಾನೇ.

ಅಂದೇ ಅಂಗಡಿಯಿಂದ ಅಡುಗೆ ಎಣ್ಣೆಯ 15 ಕಿಲೋ ಡಬ್ಬಿಗಳನ್ನು ನಾಲ್ಕು ತಂದೆ. ಸೋಡಾ ಹಾಕಿದ ಬಿಸಿನೀರಿನಲ್ಲಿ ಜಿಡ್ಡು ತೆಗೆದು, ಮೇಲ್ಭಾಗ ಕತ್ತರಿಸಿ, ಅಂಚನ್ನು ಒಳಕ್ಕೆ ಮಡಚಿ ಬಡಿದೆ. ಇಲ್ಲದಿದ್ದರೆ ಕೈ ಕೊಯ್ಯುತ್ತದೆ. ಅಡ್ಡ ಮಲಗಿಸಿ ಹಲಗೆಗೆ ಮೊಳೆ ಹೊಡೆದು, ಗಾಡಿ ನಿಲ್ಲಿಸುವ ಶೆಡ್ಡಿನ ಗೋಡೆಗೆ ಆಳೆತ್ತರದಲ್ಲಿ ತೂಗುಹಾಕಿದೆ. ಫಿನಾಯಿಲು, ಸೋಪಿನ ಪುಡಿಗಳು ತಮ್ಮ ತಮ್ಮ ಚೀಟಿಯ ಸೀಸೆ, ಪೊಟ್ಟಣಗಳಲ್ಲೇ ಅಲ್ಲಿ ಕುಳಿತಿವೆ. ಪಾಯಿಖಾನೆಯ ಆಸಿಡ್ಡಿಗೆ ಮಾತ್ರ ಅಲ್ಲಿ ಸ್ಥಳವಿಲ್ಲ. ಅದರ ಹಬೆ ತಗಡನ್ನು ತಿನ್ನುತ್ತದೆ, ಬ್ಲೀಚಿಂಗ್ ಪುಡಿಯೊಡನೆ ಬೆರೆತರೆ ಉಸಿರು ಕಟ್ಟಿಸುವ ಕ್ಲೋರಿನ್ ಏಳುತ್ತದೆ. ಅದನ್ನು ಬೇರೆ ಮೂಲೆಯಲ್ಲಿ, ಒಂದು ಪ್ಲಾಸ್ಟಿಕ್ ತಟ್ಟೆಯ ಮೇಲೆ, ಬೀಗದೊಳಗೆ ಇಟ್ಟಿದ್ದೇನೆ.

ತಾಯಿಯ ಡಾಲ್ಡಾ ಡಬ್ಬಿಯೂ ಆ ಸಾಲಿನಲ್ಲಿದೆ. ಬಣ್ಣ ಹೋಗಿ ತೆಂಗಿನಮರದ ಬುಡವಷ್ಟೇ ಕಾಣುತ್ತದೆ. ಒಳಗೆ ಇಂದಿಗೂ ಅಂಟುವಾಳವೇ.