ಆಫ್-ರೋಡ್ ವಾಹನಗಳ ಗಾಳಿ ಪೂರೈಕೆ ವ್ಯವಸ್ಥೆ

ಆಫ್-ರೋಡ್ ವಾಹನಗಳ ಗಾಳಿ ಪೂರೈಕೆ ವ್ಯವಸ್ಥೆ ಎಂದರೆ ಮರಳು, ಕೆಸರು ಹಾಗೂ ಕಲ್ಲುದಾರಿಗಳಲ್ಲಿ ಸಂಚರಿಸುವ ವಾಹನದ ಟೈರುಗಳಿಗೆ ಪ್ರಯಾಣದ ನಡುವೆ ಗಾಳಿ ತುಂಬಲು ವಾಹನದಲ್ಲಿಯೇ ಅಳವಡಿಸಿದ ಅಥವಾ ಜೊತೆಯಲ್ಲಿ ಒಯ್ಯುವ ಸಾಧನ. ವಿದ್ಯುತ್ ಕಂಪ್ರೆಸರ್, ಎಂಜಿನ್ ಚಾಲಿತ ಕಂಪ್ರೆಸರ್ ಮತ್ತು ಇಂಗಾಲದ ಡೈಆಕ್ಸೈಡ್ ಸಿಲಿಂಡರ್ ಇದರ ಮುಖ್ಯ ವಿಧಗಳು.

ಅಗತ್ಯ

ಟೈರಿನ ಗಾಳಿಯನ್ನು ಇಳಿಸಿದಾಗ ನೆಲವನ್ನು ಸ್ಪರ್ಶಿಸುವ ಭಾಗವು ಮುಖ್ಯವಾಗಿ ಉದ್ದಕ್ಕೆ ಹಿಗ್ಗುತ್ತದೆ. ಭಾರವು ಹೆಚ್ಚು ಜಾಗಕ್ಕೆ ಹಂಚಿಹೋಗುವುದರಿಂದ ಚಕ್ರವು ಮರಳಿನಲ್ಲಿ ಹೂತುಹೋಗುವುದು ಕಡಿಮೆಯಾಗುತ್ತದೆ. ಥಾರ್‌ನಂತಹ ಮರುಭೂಮಿಯ ಮರಳುದಿಬ್ಬಗಳನ್ನು ಹತ್ತುವವರು ಒತ್ತಡವನ್ನು 15ರಿಂದ 18 ಪಿಎಸ್‌ಐವರೆಗೆ ಇಳಿಸುವುದು ಸಾಮಾನ್ಯ. ಆದರೆ ಇದೇ ಒತ್ತಡದಲ್ಲಿ ಡಾಂಬರು ರಸ್ತೆಯ ಮೇಲೆ ವೇಗವಾಗಿ ಚಲಿಸಿದರೆ ಟೈರಿನ ಪಕ್ಕದ ಗೋಡೆಯು ಪ್ರತಿ ಸುತ್ತಿನಲ್ಲಿಯೂ ಅತಿಯಾಗಿ ಬಾಗಿ ಬಿಸಿಯೇರುತ್ತದೆ. ಟೈರು ಸಿಡಿಯುವ ಅಥವಾ ತಿರುವಿನಲ್ಲಿ ರಿಮ್ಮಿನಿಂದ ಕಳಚುವ ಅಪಾಯವಿರುತ್ತದೆ. ಹೀಗಾಗಿ ಮತ್ತೆ ಗಾಳಿ ತುಂಬುವ ಸಾಧನವಿಲ್ಲದೆ, ಹತ್ತಿರದಲ್ಲಿ ಪಂಕ್ಚರ್ ಅಂಗಡಿಯೂ ಇಲ್ಲದ ಪ್ರದೇಶದಲ್ಲಿ ಗಾಳಿ ಇಳಿಸುವುದು ಸುರಕ್ಷಿತವಲ್ಲ.

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಬಳಸಿದ ಡಿಯುಕೆಡಬ್ಲ್ಯು ಎಂಬ ನೆಲ-ಜಲ ವಾಹನದಲ್ಲಿ ಚಾಲಕನು ಕುಳಿತಲ್ಲಿಂದಲೇ ಟೈರಿನ ಒತ್ತಡವನ್ನು ಬದಲಿಸುವ ಏರ್ಪಾಡಿತ್ತು.

ಬೇಕಾಗುವ ಗಾಳಿಯ ಲೆಕ್ಕ

ಸಾಧನದ ಆಯ್ಕೆಗೆ ಮೊದಲು ಎಷ್ಟು ಗಾಳಿ ಬೇಕೆಂಬುದನ್ನು ಅರಿಯಬೇಕು. ವಾತಾವರಣದ ಒತ್ತಡ ಸುಮಾರು 14.7 ಪಿಎಸ್‌ಐ. ಆದ್ದರಿಂದ ಟೈರಿನ ಒತ್ತಡವನ್ನು ಸುಮಾರು 15 ಪಿಎಸ್‌ಐನಷ್ಟು ಏರಿಸಲು ಅದರ ಒಳಗಾತ್ರದಷ್ಟೇ ಹೊರಗಾಳಿ ಬೇಕು. ಉದಾಹರಣೆಗೆ, 70 ಲೀಟರ್ ಒಳಗಾತ್ರದ ನಾಲ್ಕು ಟೈರುಗಳನ್ನು 17ರಿಂದ 32 ಪಿಎಸ್‌ಐಗೆ ಏರಿಸಲು ಸುಮಾರು 280 ಲೀಟರ್ ಗಾಳಿ ಬೇಕಾಗುತ್ತದೆ. ನಿಮಿಷಕ್ಕೆ 20 ಲೀಟರ್ ನೀಡುವ ಸಾಧನಕ್ಕೆ ಈ ಕೆಲಸಕ್ಕೆ 14 ನಿಮಿಷ ಹಿಡಿದರೆ, 70 ಲೀಟರ್ ನೀಡುವುದಕ್ಕೆ 4 ನಿಮಿಷ ಸಾಕು.

ವಿಧಗಳು

ವಿದ್ಯುತ್ ಕಂಪ್ರೆಸರ್: 12 ವೋಲ್ಟ್ ಬ್ಯಾಟರಿಯಿಂದ ನಡೆಯುವ ಇದು ಹೆಚ್ಚು ಬಳಕೆಯಲ್ಲಿದೆ. ಚಿಕ್ಕವನ್ನು ಸಿಗರೇಟ್ ಲೈಟರ್ ಸಾಕೆಟ್ಟಿಗೆ ಜೋಡಿಸಬಹುದು. 30 ಆಂಪಿಯರ್ ಅಥವಾ ಹೆಚ್ಚು ಎಳೆಯುವ ದೊಡ್ಡವನ್ನು ಫ್ಯೂಸ್ ಸಹಿತ ನೇರವಾಗಿ ಬ್ಯಾಟರಿಗೆ ಜೋಡಿಸಿ, ಎಂಜಿನ್ ಚಾಲೂ ಇಟ್ಟು ಬಳಸಬೇಕು. ಸತತವಾಗಿ ನಡೆದರೆ ಇವು ಕಾಯುತ್ತವೆ. ಎಷ್ಟು ಹೊತ್ತು ನಡೆಸಿ ಎಷ್ಟು ಹೊತ್ತು ನಿಲ್ಲಿಸಬೇಕೆಂಬುದನ್ನು ತಯಾರಕರು ಸೂಚಿಸಿರುತ್ತಾರೆ.

ಎಂಜಿನ್ ಚಾಲಿತ ಕಂಪ್ರೆಸರ್: ವಾಹನದ ಏಸಿ ಕಂಪ್ರೆಸರನ್ನು ಮಾರ್ಪಡಿಸಿ ಬೆಲ್ಟಿನ ಮೂಲಕ ನಡೆಸುವ ವಿಧಾನವಿದು. ಗಾಳಿ ಹೇರಳವಾಗಿ ದೊರೆಯುತ್ತದೆ, ಆದರೆ ಅಳವಡಿಕೆ ಕಷ್ಟ. ಅನೇಕ ಏಸಿ ಕಂಪ್ರೆಸರುಗಳಿಗೆ ಶೀತಕದೊಡನೆ ಹರಿಯುವ ಎಣ್ಣೆಯೇ ಆಧಾರ. ಗಾಳಿಗೆ ಬಳಸುವಾಗ ಪ್ರತ್ಯೇಕ ಎಣ್ಣೆಯ ವ್ಯವಸ್ಥೆಯೂ, ಹೊರಬರುವ ಗಾಳಿಯಿಂದ ಎಣ್ಣೆಯನ್ನು ಬೇರ್ಪಡಿಸುವ ಸಾಧನವೂ ಬೇಕಾಗುತ್ತವೆ. ಎಂಜಿನ್ ಕೆಟ್ಟರೆ ಗಾಳಿಯೂ ನಿಲ್ಲುತ್ತದೆ.

ಇಂಗಾಲದ ಡೈಆಕ್ಸೈಡ್ ಸಿಲಿಂಡರ್: ಇದರಲ್ಲಿ ಅನಿಲವು ದ್ರವರೂಪದಲ್ಲಿರುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಳಗಿನ ಒತ್ತಡ ಸುಮಾರು 57 ಬಾರ್. ಒಂದು ಕಿಲೋಗ್ರಾಂ ದ್ರವವು ಸುಮಾರು 540 ಲೀಟರ್ ಅನಿಲವಾಗುತ್ತದೆ. ಮೇಲಿನ ಲೆಕ್ಕದ ಪ್ರಕಾರ 4.5 ಕಿಲೋಗ್ರಾಂ ತುಂಬಿದ ಸಿಲಿಂಡರ್ ನಾಲ್ಕು ಟೈರುಗಳಿಗೆ ಸುಮಾರು ಎಂಟು ಬಾರಿ ಸಾಕು. ಇದು ವೇಗವಾದುದು, ವಿದ್ಯುತ್ತಿನ ಅಗತ್ಯವಿಲ್ಲ. ಆದರೆ ಮುಗಿದ ಮೇಲೆ ಮರುಪೂರಣಕ್ಕೆ ಪಟ್ಟಣಕ್ಕೆ ಮರಳಬೇಕು.

ಗಾಳಿ ತೊಟ್ಟಿ: ಇದು ಸಂಗ್ರಹವೇ ಹೊರತು ಮೂಲವಲ್ಲ. 150 ಪಿಎಸ್‌ಐನ 10 ಲೀಟರ್ ತೊಟ್ಟಿಯಿಂದ 32 ಪಿಎಸ್‌ಐಗೆ ಇಳಿಯುವವರೆಗೆ ದೊರೆಯುವುದು ಸುಮಾರು 80 ಲೀಟರ್ ಗಾಳಿ, ಅಂದರೆ ಮೇಲಿನ ಉದಾಹರಣೆಯ ಒಂದು ಟೈರಿಗೆ ಆಗುವಷ್ಟು ಮಾತ್ರ.

ಆಯ್ಕೆಯ ಮಾನದಂಡಗಳು

ಕಂಪ್ರೆಸರಿನ ಪೆಟ್ಟಿಗೆಯ ಮೇಲೆ ಮುದ್ರಿಸಿದ ಗರಿಷ್ಠ ಒತ್ತಡವನ್ನು ನೋಡಿ ಆರಿಸುವುದು ಸರಿಯಲ್ಲ. 35 ಪಿಎಸ್‌ಐ ಬೇಕಾದ ಟೈರಿಗೆ 150 ಪಿಎಸ್‌ಐ ಸಾಮರ್ಥ್ಯದಿಂದ ವಿಶೇಷ ಪ್ರಯೋಜನವಿಲ್ಲ. ಟೈರಿಗೆ ಬೇಕಾದ ಒತ್ತಡದಲ್ಲಿ ನಿಮಿಷಕ್ಕೆ ಎಷ್ಟು ಲೀಟರ್ ನೀಡುತ್ತದೆ ಎಂಬುದೇ ಮುಖ್ಯ. ಎದುರೊತ್ತಡವಿಲ್ಲದೆ ಅಳೆದ ಪ್ರಮಾಣವು ಟೈರು ತುಂಬುತ್ತಾ ಹೋದಂತೆ ಕುಗ್ಗುತ್ತದೆ. ಲಡಾಖ್‌ನ ಎತ್ತರದ ಕಣಿವೆಮಾರ್ಗಗಳಲ್ಲಿ ಗಾಳಿ ವಿರಳವಾಗಿರುವುದರಿಂದ ಕಂಪ್ರೆಸರಿಗೆ ಹೆಚ್ಚು ಸಮಯ ಹಿಡಿಯುತ್ತದೆ. ಅಪರೂಪಕ್ಕೆ ಹೋಗುವವರಿಗೆ ಸಣ್ಣ ವಿದ್ಯುತ್ ಕಂಪ್ರೆಸರ್ ಸಾಕು. ದಿನಗಟ್ಟಲೆ ದೂರವಿರುವವರಿಗೆ ಮುಗಿಯದ ಮೂಲವಾದ ಕಂಪ್ರೆಸರೇ ಸೂಕ್ತ. ಯಾವುದನ್ನು ಆರಿಸಿದರೂ ಜೊತೆಗೊಂದು ಕಾಲು ಪಂಪು ಹಾಗೂ ಪ್ರತ್ಯೇಕ ಒತ್ತಡಮಾಪಕ ಇರುವುದು ಒಳಿತು.

ಸುರಕ್ಷತೆ

ಇಂಗಾಲದ ಡೈಆಕ್ಸೈಡ್ ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ ಭದ್ರವಾಗಿ ಕಟ್ಟಿ, ಒತ್ತಡ ನಿಯಂತ್ರಕದ ಮೂಲಕವೇ ಬಳಸಬೇಕು. ಮುಚ್ಚಿದ ವಾಹನದೊಳಗೆ ಸೋರಿದರೆ ಉಸಿರುಗಟ್ಟಿಸುವ ಅಪಾಯವಿದೆ. ಬಿಸಿಲಿನಲ್ಲಿ ಒಳಗಿನ ಒತ್ತಡ ತೀವ್ರವಾಗಿ ಏರುತ್ತದೆ. ವೆಲ್ಡಿಂಗಿನ ಆಮ್ಲಜನಕವನ್ನಾಗಲಿ ಅಡುಗೆ ಅನಿಲವನ್ನಾಗಲಿ ಟೈರಿಗೆ ತುಂಬಬಾರದು. ಇವು ಬೆಂಕಿಗೆ, ಸ್ಫೋಟಕ್ಕೆ ಕಾರಣವಾಗಬಲ್ಲವು.